ಅಮಾವಾಸ್ಯೆಯ ದಿನ ನಡೆದ ಮಗ್ಗ

ನಾನು ಕೋರ್ಟಿನ ಬೇಅದಬಿ ಮಾಡಿ ಜೈಲಿಗೆ ಹೋಗಿ ಬಂದವನು ಎಂಬುದು ನನ್ನ ಮೊಮ್ಮಕ್ಕಳಿಗೆ ಗೊತ್ತಿಲ್ಲ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಅದನ್ನು ಬಲ್ಲವರು ಒಬ್ಬೊಬ್ಬರಾಗಿ ತೀರಿಹೋದರು. ಈಗ ಬರೆಯದಿದ್ದರೆ ಅದು ನನ್ನ ಜೊತೆಗೇ ಹೋಗುತ್ತದೆ. ಹಾಗೆ ಹೋಗಲಿ ಎಂದು ಬಹಳ ವರ್ಷ ಕಾದೆ. ಇನ್ನು ಆಗುವುದಿಲ್ಲ.

ನಮ್ಮದು ಸೀರೆ ನೇಯುವ ಮನೆ. ಪಡಸಾಲೆಯಲ್ಲಿ ಎರಡು ಮಗ್ಗ, ಒಂದು ನನ್ನದು, ಇನ್ನೊಂದು ತಮ್ಮನದು. ಆಗಿನ ಮಗ್ಗವೆಂದರೆ ನೆಲದಲ್ಲಿ ತಗ್ಗು ತೋಡಿ, ಅದರ ಅಂಚಿಗೆ ಕೂತು, ಕಾಲನ್ನು ತಗ್ಗಿನೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ತುಳಿಯುತ್ತ ನೇಯುವುದು. ಐವತ್ತರ ದಶಕದ ಮೊದಲಲ್ಲಿ ತಮ್ಮ ಜ್ವರ ಬಂದು ತೀರಿಕೊಂಡ. ಅವನ ಹೆಂಡತಿಗೆ ಆಗಿನ್ನೂ ಚಿಕ್ಕ ವಯಸ್ಸು. ವರ್ಷ ಕಳೆದ ಮೇಲೆ ತವರಿನವರು ಅವಳನ್ನು ಜಕ್ಕಲಿಯ ಒಬ್ಬನಿಗೆ ಉಡಿಕಿ ಮಾಡಿಕೊಟ್ಟರು. ವಿಧವೆಗೆ ಮತ್ತೊಂದು ಸಂಸಾರ ಕಟ್ಟಿಕೊಡುವ ಈ ಪದ್ಧತಿ ನಮ್ಮವರಲ್ಲಿ ತಪ್ಪೇನಲ್ಲ. ಆದರೆ ಅವಳು ಹೊರಟಾಗ ಅವಳ ಮಗಳನ್ನು ನನ್ನ ಅವ್ವ ಬಿಟ್ಟುಕೊಡಲಿಲ್ಲ.

"ನೀ ಹೋಗವಾ. ನಿನಗ ಮತ್ತ ಮಕ್ಕಳಾಗತಾವ. ನನಗ ನನ್ನ ಮಗ ಮತ್ತ ಹುಟ್ಟಿ ಬರಂಗಿಲ್ಲ," ಎಂದಳು.

ಕೂಸಿನ ಮುಖ ಥೇಟ್ ತಂದೆಯದು. ಆಗ ಅದಕ್ಕೆ ಐದು ವರ್ಷವಿರಬೇಕು. ತಾಯಿ ಎರಡು ಸಲ ಕರೆಯಲು ಬಂದಳು. ಎರಡು ಸಲವೂ ನಾವು ಬಾಗಿಲು ತೆರೆಯಲಿಲ್ಲ. ಆಮೇಲೆ ಅವಳು ರೋಣದ ಕೋರ್ಟಿಗೆ ಹೋದಳು. ಕೂಸನ್ನು ತಾಯಿಗೆ ಕೊಡಬೇಕೆಂದು ಕೋರ್ಟಿನ ಹುಕುಮಾಯಿತು.

ಮನೆಯಲ್ಲಿ ಹೈಸ್ಕೂಲು ಕಲಿತವನು ನಾನೊಬ್ಬನೇ. ಆದ್ದರಿಂದ ಕೋರ್ಟಿನಲ್ಲಿ ಮಾತಾಡುವ ಕೆಲಸ ನನ್ನದು. ಮೊದಲ ಸಲ, ಕೂಸು ನರಗುಂದದಲ್ಲಿ ಬೀಗರ ಮನೆಯಲ್ಲಿದೆ ಎಂದೆ. ಕರೆತರಲು ವಾಯಿದೆ ಕೊಟ್ಟರು. ವಾಯಿದೆ ಮುಗಿದಾಗ ಒಬ್ಬನೇ ಹೋದೆ. ಮುನಸೀಫ ಸಾಹೇಬರು ಸಿಟ್ಟು ಮಾಡಲಿಲ್ಲ. ಕೋರ್ಟಿನ ಹುಕುಮು ಮೀರುವುದು ಬೇಅದಬಿ, ಅದಕ್ಕೆ ಜೈಲಿದೆ ಎಂದು ಸಣ್ಣ ಹುಡುಗನಿಗೆ ಪಾಠ ಹೇಳುವಂತೆ ಬಿಡಿಸಿ ಹೇಳಿ, "ಕೂಸು ಎಲ್ಲಿ?" ಎಂದು ಕೇಳಿದರು.

ಮನೆಯಿಂದ ಹೊರಡುವಾಗ ಆ ಮಾತು ನನ್ನ ತಲೆಯಲ್ಲಿರಲಿಲ್ಲ. ಇದನ್ನು ಯಾರೂ ನಂಬಲಾರರು, ಆದರೂ ಬರೆಯುತ್ತೇನೆ. ಕಟಕಟೆಯಲ್ಲಿ ನಿಂತಾಗ ಅದು ತಾನಾಗಿ ಬಾಯಿಗೆ ಬಂತು.

"ಕೂಸು ಇಲ್ರಿ ಸಾಹೇಬ್ರ. ನರಗುಂದದಾಗ ಜ್ವರ ಬಂದು ತೀರಿಕೊಂತ್ರಿ."

ಕೂಸಿನ ತಾಯಿ ಗೋಡೆಯ ಹತ್ತಿರ ನಿಂತಿದ್ದಳು. ಅವಳು ಅಳಲಿಲ್ಲ.

"ಯಾವ ವಾರ, ಭಾವಾರ?" ಎಂದಳು.

"ಸ್ವಾಮಾರ."

"ಸ್ವಾಮಾರ ದಿನಾ ನಾ ಹೊಲದಾಗ ಶೇಂಗಾ ಕೀಳಾಕತ್ತಿದ್ದೆ," ಎಂದು ಅವಳು ಯಾರಿಗೂ ಅಲ್ಲದಂತೆ ಹೇಳಿದಳು. "ನನಗ ಏನೂ ಆಗಲಿಲ್ಲಲ್ಲ."

ಸಾಹೇಬರು ಕೋರ್ಟಿನ ಹುಕುಮು ಜಾರಿ ಮಾಡುವ ಬೇಲಿಫನನ್ನು ನಮ್ಮ ಮನೆಗೆ ಕಳಿಸಿ ತಪಾಸು ಮಾಡಿಸುವುದಾಗಿ ಬರೆದುಕೊಂಡರು.

ಮನೆಗೆ ಬಂದು ಹೇಳಿದಾಗ ಅವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಎದ್ದು, "ಅಂದು ಬಂದೀ ಅಂದ ಮ್ಯಾಲ ಎಲ್ಲಾ ಮಾಡಬೇಕಲ್ಲೋ," ಎಂದು ದೀಪಕ್ಕೆ ಎಣ್ಣೆ ಹಾಕಿದಳು. ಮೂಲೆಯಲ್ಲಿ ಸತ್ತವರ ದೀಪವಿಟ್ಟು, ಓಣಿಯ ಹೆಂಗಸರಿಗೆ ಹೇಳಿಕಳಿಸಿದಳು. ಕೂಸು ಹಿಂದಿನ ಕೋಣೆಯಲ್ಲಿ ಜೋಳದ ಚೀಲಗಳ ಮರೆಗೆ ಕೂತಿತ್ತು; ಹುಕುಮಾದಾಗಿನಿಂದ ಅದು ನರಗುಂದದಲ್ಲಿದೆ ಎಂದೇ ಓಣಿಯವರಿಗೂ ಹೇಳಿದ್ದೆವು. ಹೆಂಗಸರು ಅತ್ತುಹೋದ ಮೇಲೆ ಅವ್ವ ಅದಕ್ಕೆ ಹೇಳಿಕೊಟ್ಟಳು. ನಾನು ಪಕ್ಕದಲ್ಲೇ ಇದ್ದೆ.

"ಯಾರರ ಬಂದ್ರ ನೀ ಸತ್ತೀಯವಾ. ಸತ್ತವ್ರು ಮಾತಾಡಂಗಿಲ್ಲ, ಅಳಂಗಿಲ್ಲ. ಯಾರ ಕಣ್ಣಿಗೂ ಕಾಣಂಗಿಲ್ಲ."

"ನಮ್ಮವ್ವನ ಕಣ್ಣಿಗೂ?"

"ಅಕಿ ಕಣ್ಣಿಗೂ ಕಾಣಂಗಿಲ್ಲ."

"ಆಯಿ, ಸತ್ತವ್ರು ಬೆಲ್ಲಾ ತಿಂತಾರೇನ?"

ಅವ್ವನಿಗೆ ನಗು ಬಂತು. "ತಿಂತಾರ, ತಗೋ," ಎಂದು ಕೊಟ್ಟಳು. ಅಂದಿನಿಂದ ದೀಪದ ಮುಂದೆ ಸತ್ತ ಕೂಸಿಗೆಂದು ಇಡುತ್ತಿದ್ದ ಹಾಲು-ಅನ್ನವನ್ನು ಆ ಕೂಸೇ ಉಣ್ಣುತ್ತಿತ್ತು.

ದೀಪದ ಹತ್ತಿರ ಹಿಟ್ಟು ಜರಡಿ ಹಿಡಿದು, ಮೇಲೆ ಬುಟ್ಟಿ ಮುಚ್ಚಿ, ಬೆಳಗ್ಗೆ ತೆಗೆದು ನೋಡುವುದು ನಮ್ಮಲ್ಲಿ ರೂಢಿ. ಸತ್ತವರು ಬಂದುಹೋಗಿದ್ದರೆ ಹಿಟ್ಟಿನಲ್ಲಿ ಗುರುತು ಬೀಳುತ್ತದೆ ಎನ್ನುತ್ತಾರೆ. ಜನ ನೋಡಲೆಂದು ಅವ್ವ ಅದನ್ನೂ ಮಾಡಿದ್ದಳು. ಬೆಳಗ್ಗೆ ಹೆಂಗಸರ ಎದುರಿಗೆ ಬುಟ್ಟಿ ಎತ್ತಿದರೆ ಹಿಟ್ಟಿನ ನಡುವೆ ಒಂದು ಸಣ್ಣ ಪಾದ ಮೂಡಿತ್ತು. ಐದೂ ಬೆರಳು ಸ್ಪಷ್ಟ.

"ಬಂದಿತ್ತವಾ ಕೂಸು," ಎಂದು ಹೆಂಗಸರು ಕೈಮುಗಿದರು.

ಎಲ್ಲರೂ ಹೋದ ಮೇಲೆ ಅವ್ವ ನನ್ನ ತೋಳು ಹಿಡಿದುಕೊಂಡಳು. "ಬುಟ್ಟಿ ಮ್ಯಾಲ ಬೀಸೂಕಲ್ಲಿನ ಹೋಳು ಇಟ್ಟಿದ್ನೆಪಾ. ಅದು ಹಂಗ ಐತಿ. ಕೋಣಿ ಚಿಲಕಾನೂ ನಾನ ಹಾಕಿದ್ದೆ."

ನಾನು ಒಳಗೆ ಹೋಗಿ ಕೂಸನ್ನು ಕೇಳಿದೆ. ಅದು ಚೀಲದ ಮೇಲೆ ನೆಟ್ಟಗೆ ಮಲಗಿತ್ತು, ಕೈ ಎದೆಯ ಮೇಲೆ.

"ಹೌದು ದೊಡ್ಡಪ್ಪಾ, ನಾ ಬಂದಿದ್ದೆ," ಎಂದಿತು.

ಹೇಗೆ ಬಂದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಇವತ್ತಿಗೂ ಅದರ ಉತ್ತರ ನನಗೆ ಗೊತ್ತಿಲ್ಲ.

ಬೇಲಿಫ್ ಬಂದದ್ದು ಅಮಾವಾಸ್ಯೆಯ ದಿನ, ಹೊತ್ತೇರಿದ ಮೇಲೆ. ತಾಯಿ ಅವನ ಹಿಂದೆ ಬರುತ್ತಿದ್ದಳು. ಓಣಿಯ ತುದಿಯಲ್ಲಿ ಅವರನ್ನು ಕಂಡು ಅವ್ವ ಓಡಿಬಂದಳು. ಹಿಂದಿನ ಕೋಣೆಯನ್ನು ಅವನು ನೋಡಿಯೇ ನೋಡುತ್ತಾನೆ ಎಂದು ನನಗೆ ಹೊಳೆಯಿತು. ಕೂಸನ್ನು ಎತ್ತಿ ತಂದು ನನ್ನ ಮಗ್ಗದ ತಗ್ಗಿಗೆ ಇಳಿಸಿದೆ. ಅದು ಮುದುಡಿ ಕೂತಿತು. ನಾನು ಮೇಲೆ ಕೂತು ಕಾಲು ಇಳಿಬಿಟ್ಟೆ. ನೇಯುತ್ತಿರುವವನನ್ನು ಎಬ್ಬಿಸಿ ಯಾರೂ ತಗ್ಗು ನೋಡಲಾರರು ಎಂದು ನನ್ನ ಲೆಕ್ಕ. ಲಾಳಿ ಹೊಡೆದೆ.

ನಾಲ್ಕಾರು ಎಳೆ ನೇಯ್ದ ಮೇಲೆ ನನ್ನ ಮಗ್ಗದ ಸದ್ದು ನನಗೇ ವಿಚಿತ್ರವಾಗಿ ಕೇಳಿಸತೊಡಗಿತು. ಇಡೀ ಓಣಿಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ. ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲ. ನನ್ನ ಅಜ್ಜ ಮುಟ್ಟಲಿಲ್ಲ, ಅಪ್ಪ ಮುಟ್ಟಲಿಲ್ಲ. ಗಾಬರಿಯಲ್ಲಿ ನಾನು ಮರೆತಿದ್ದೆ. ಥಟ್ಟನೆ ನಿಲ್ಲಿಸಿದರೆ ಇನ್ನೂ ಅನುಮಾನ ಬರುತ್ತದೆಂದು ತುಳಿಯುತ್ತಲೇ ಇದ್ದೆ. ಪಾದದ ಕೆಳಗೆ ಕೂಸಿನ ಕೂದಲು ತಗಲುತ್ತಿತ್ತು.

ಬೇಲಿಫ್ ಒಕ್ಕಲುತನದ ಮನೆಯವನು. ನೇಕಾರರ ನೇಮ ತಿಳಿಯದ ಅವನಿಗೆ ಏನೂ ಅನಿಸಲಿಲ್ಲ. ದೀಪ ನೋಡಿ ಟೊಪ್ಪಿಗೆ ತೆಗೆದ, ಕೋಣೆಗಳಲ್ಲಿ ಇಣುಕಿದ, ಪಕ್ಕದ ಮನೆಯವಳನ್ನು ಕರೆಸಿ ಕೇಳಿದ. "ಖರೇನ ರೀ, ಹಿಟ್ಟಿನ್ಯಾಗ ಹೆಜ್ಜಿ ನಾನ ನೋಡೇನಿ," ಎಂದಳು ಅವಳು. ಅವನು ಹೊರಡುವುದರಲ್ಲಿದ್ದ.

ತಾಯಿ ಮಾತ್ರ ಹೊಸ್ತಿಲಲ್ಲೇ ನಿಂತು ಕಿವಿಗೊಟ್ಟಿದ್ದಳು.

"ಇವತ್ತ ಅಮಾಸಿ ಅಲ್ರಿ, ಭಾವಾರ?"

"ಲಗೂ ಕೊಡೂ ಸೀರಿ ಐತಿ," ಎಂದೆ.

"ಇಷ್ಟ ವರ್ಷ ಈ ಮಗ್ಗದ ಮುಂದ ಕೂತು ನಾ ನೂಲು ಸುತ್ತೇನ್ರಿ. ನಿಮ್ಮ ತಮ್ಮ ಸತ್ತು ಮನ್ಯಾಗ ರೊಕ್ಕ ಇಲ್ದಾಗೂ ನೀವು ಅಮಾಸಿ ಮುರೀಲಿಲ್ಲ." ಅವಳು ಒಳಗೆ ಬಂದಳು. "ಮತ್ತ ನಿಮ್ಮ ಬಲಗಾಲ ಪೂರಾ ತುಳೀವಲ್ದು. ಯಾಕ?"

ಬೇಲಿಫ್ ನಕ್ಕ. "ಏನವಾ ತಂಗಿ, ಕಾಲಿನ ಕಡಿಂದ ಸಾಕ್ಷಿ ಹೇಳಸ್ತೀಯೇನ?"

ಅವಳು ನಗಲಿಲ್ಲ. ನೆಲಕ್ಕೆ ಮೊಳಕಾಲೂರಿ, ಬಿಗಿದ ನೂಲಿನ ಕೆಳಗೆ ಬಗ್ಗಿ ಕರೆದಳು. "ಮಗಾ, ಬಾರವಾ. ನಾ ನಿಮ್ಮವ್ವ."

ಮತ್ತೆ ಕರೆದಳು. ಆಗ ನನ್ನ ಕಾಲ ಕೆಳಗಿನ ಕತ್ತಲೆಯಿಂದ ಸಣ್ಣಗೆ ದನಿ ಬಂತು, ಅವಳನ್ನು ಸಮಾಧಾನ ಮಾಡುವಂತೆ.

"ನಾ ಸತ್ತೇನಬೇ. ನಿನಗ ಕಾಣಂಗಿಲ್ಲ."

ಬೇಲಿಫ್ ಬಾಗಿಲವರೆಗೆ ಹಿಂದೆ ಸರಿದ. ಪಕ್ಕದ ಮನೆಯವಳು ಚೀರಿ ಓಡಿದಳು. ತಾಯಿ ನನ್ನ ಕಾಲನ್ನು ಬದಿಗೆ ತಳ್ಳಿ ತಗ್ಗಿಗಿಳಿದು ಕೂಸನ್ನು ಎತ್ತಿಕೊಂಡಳು. ಅದು ಕಣ್ಣು ಬಿಗಿಯಾಗಿ ಮುಚ್ಚಿತ್ತು. ಜಕ್ಕಲಿ ಮುಟ್ಟುವತನಕ ತೆರೆಯಲಿಲ್ಲವಂತೆ.

ಕೋರ್ಟಿನಲ್ಲಿ ನಾನು ಏನನ್ನೂ ಅಲ್ಲಗಳೆಯಲಿಲ್ಲ. ಸುಳ್ಳು ಹೇಳಿದ್ದಕ್ಕೆ ಬೇರೆ ಖಟ್ಲೆ ಹಾಕಬಹುದಿತ್ತು, ತಾಯಿಯೇ ಬೇಡ ಎಂದಳಂತೆ. ಹುಕುಮು ಮೀರಿದ್ದಕ್ಕೆ ಕೆಲವು ವಾರ ಜೈಲಿನಲ್ಲಿದ್ದೆ. ಕೋರ್ಟಿನ ಅಪ್ಪಣೆಯಿಲ್ಲದೆ ಆ ಕೂಸಿನ ಹತ್ತಿರ ಹೋಗಬಾರದು, ಮಾತಾಡಿಸಬಾರದು ಎಂದೂ ಸಾಹೇಬರು ಬರೆದರು. ಜೈಲಿನಲ್ಲಿ ನನಗೆ ಯಾವ ಕಷ್ಟವೂ ಆಗಲಿಲ್ಲ. ಬಿಡುಗಡೆಯಾಗಿ ಬಂದಾಗ ಎಲ್ಲ ಮುಗಿಯಿತು ಎಂದುಕೊಂಡೆ.

ಮರುವರ್ಷ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಜಕ್ಕಲಿಯ ಬಸ್ಸಿಗೆ ಕಾಯುತ್ತಿದ್ದರು. ಕೂಸು ಬೆಳೆದಿತ್ತು, ಹೊಸ ಲಂಗ ಉಟ್ಟಿತ್ತು. ನನ್ನ ಕಡೆ ಬಹಳ ಹೊತ್ತು ನೋಡಿತು. ಆಮೇಲೆ ತಾಯಿಯ ಸೆರಗು ಜಗ್ಗಿ ಕೇಳಿತು.

"ಅವ್ವಾ, ದೊಡ್ಡಪ್ಪಗ ನಾ ಕಾಣಸ್ತೇನೇನ?"

ತಾಯಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಳ್ಳುವ ಮುಖ ಅದು. ಹೇಳ್ರಿ ಎನ್ನುವಂತೆ ತಲೆಯಾಡಿಸಿದಳು. "ಕಾಣಸ್ತೀಯವಾ" ಎಂಬ ಒಂದು ಮಾತು ಸಾಕಿತ್ತು. ನನಗೆ ಕೋರ್ಟಿನ ಹುಕುಮು ನೆನಪಾಯಿತು. ಮೊದಲು ಎರಡು ಸಲ ಮೀರುವಾಗ ನೆನಪಾಗದ ಹುಕುಮು ಆಗ ಅಕ್ಷರ ಅಕ್ಷರವಾಗಿ ನೆನಪಾಯಿತು. ನಾನು ಮುಖ ತಿರುಗಿಸಿ ಗೋಡೆ ನೋಡುತ್ತ ನಿಂತೆ.

"ಇಲ್ಲಬೇ," ಎಂದಿತು ಕೂಸು ನನ್ನ ಬೆನ್ನ ಹಿಂದೆ. "ಕಾಣಂಗಿಲ್ಲ."