ಕಾಗಿಣಾದ ಕೆಂಪು ನೀರು

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ. ಚಿತ್ತಾಪುರದ ಬಸ್ಸು ಮೂರೂವರೆಗಿತ್ತು, ಅದಕ್ಕೇ ಗಡಿಯಾರ ನೋಡಿಕೊಂಡಿದ್ದೆ. ದಂಡೋತಿ ಹತ್ತಿರ ಕಾಗಿಣಾ ಹೊಳೆಯ ನಡುವಿನ ಬಂಡೆಯ ಮೇಲೆ ನಿಂತಿದ್ದೆ. ಕಾಲ ಬುಡದಲ್ಲಿ ನೀರು ಕೆಂಪಾಗತೊಡಗಿತು.

ಆ ವರ್ಷ ನನಗೊಂದು ಹುಚ್ಚು ಹತ್ತಿತ್ತು. ಕಾಳಗದ ಹಾಡು ಕಟ್ಟಿದವರು ಹೇಳಿದ ಜಾಗಗಳನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಸೇಡಂ ಕಡೆಯ ಕೋಟೆಗೋಡೆ, ಚಿಂಚೋಳಿಯ ಗುಡ್ಡ, ಯಾರದೋ ಹೊಲದ ಬದುವಿನ ವೀರಗಲ್ಲು. ಎಲ್ಲಕ್ಕೂ ಒಬ್ಬನೇ. ವಾಡಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವವನು ಯಾರನ್ನು ಕರೆಯಲಿ? ಭಂಕೂರಿನ ಮುದುಕ ಹಾಡುಗಾರರೊಬ್ಬರು ತಮ್ಮ ತಂದೆ ಬರೆದಿಟ್ಟ ಹಾಡಿನ ನೋಟ್‌ಬುಕ್ ಕೊಟ್ಟಿದ್ದರು. ಅದರ ಒಂದು ಹಾಡಿನಲ್ಲಿ ದಂಡು ಈ ಬಂಡೆಗಳ ಮೇಲೆ ಹೊಳೆ ದಾಟುತ್ತದೆ. ನಡುವೆ ನೀರು ಕೆಂಪಾಗುತ್ತದೆ. ದಡ ಸೇರಿದವರು ಕೆಲವರೇ.

ಹಾಗಾಗಿ ನೀರು ಕೆಂಪಾದಾಗ ನನಗೆ ಆದದ್ದು ಸಂತೋಷ. ನೋಟ್‌ಬುಕ್ ತೆಗೆದು ಆ ಸಾಲುಗಳನ್ನು ಗಟ್ಟಿಯಾಗಿ ಓದಿದೆ.

ದಂಡೆಯಲ್ಲಿ ಚಾದರ ಒಗೆಯುತ್ತಿದ್ದ ಹೆಂಗಸು ಕೂಗಿದಳು. "ಅಣ್ಣಾರ, ಹೊರಗ ಬರ್ರಿ. ಚಿಂಚೋಳಿ ನೀರು ಬರ್ಲಿಕತ್ತದ."

ಮೇಲೆ ಒಂದು ಮೋಡವೂ ಇರಲಿಲ್ಲ. ನಮ್ಮದು ಕರಿಮಣ್ಣಿನ ಸೀಮೆ, ಇಲ್ಲಿ ಮಳೆಯಾದರೆ ಹೊಳೆ ಕಪ್ಪಾಗಿ ಹರಿಯುತ್ತದೆ. ಕೆಂಪಾದರೆ ಚಿಂಚೋಳಿಯ ಗುಡ್ಡದಲ್ಲಿ ಮಳೆಯಾಗಿದೆ, ಹಿಂದೆಯೇ ಪ್ರವಾಹ ಬರುತ್ತದೆ ಎಂದು ಇಲ್ಲಿನವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಹೊತ್ತು ನಾನು ನೋಡುತ್ತಿದ್ದದ್ದು ಸೈನಿಕರ ರಕ್ತವನ್ನು.

"ಒಂದ್ ನಿಮಿಷ," ಎಂದೆ.

ಹಾಡಿನ ಕೊನೆಗೆ ಬರುವಷ್ಟರಲ್ಲಿ ನೀರು ಮೊಣಕಾಲು ಮುಟ್ಟಿತ್ತು. ನಾನು ತುಳಿದು ಬಂದ ಬಂಡೆಗಳು ಕಾಣುತ್ತಿರಲಿಲ್ಲ. ಅವಳ ಗಂಡ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಎಸೆದ. ಒಂದು ಕೈಯಲ್ಲಿ ಹಿಡಿದೆ.

"ಎರಡೂ ಕೈಲೆ ಹಿಡೀರಿ. ಆ ಬುಕ್ಕೇನು ನಿಮ್ಮನ್ನ ಎಳೀತದೇನು?" ಎಂದು ಅವನು ಕೂಗಿದ.

ನೋಟ್‌ಬುಕ್ಕನ್ನು ನಾನು ತಕ್ಷಣ ಬಿಡಲಿಲ್ಲ. ಈಗಲೂ ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು ಆ ತಡವೇ. ಕಾಲು ಜಾರಿದಾಗ ಆ ಕೈ ತಾನಾಗಿ ತೆರೆದುಕೊಂಡು ಹಗ್ಗ ಹಿಡಿಯಿತು.

ದಂಡೆಯಲ್ಲಿ ಕೆಮ್ಮುತ್ತ ಬಿದ್ದಿದ್ದೆ. ಅವಳು ಚಾದರ ಹಿಂಡುತ್ತ ಹೇಳಿದಳು: "ಕೆಂಪು ನೀರು ಬಂದ್ರ ಎಮ್ಮಿನೂ ಎದ್ದು ದಂಡಿಗಿ ಬರ್ತದ. ನೀವು ಓದ್ಕೋತ ನಿಂತ್ರಿ."

ಅಂದಿನಿಂದ ಕಣ್ಣು ಮುಚ್ಚಿದರೆ ಮಂಚ ಕಾಲ ಕಡೆಯಿಂದ ಜಾರಿದಂತಾಗಿ ಎಚ್ಚರವಾಗುತ್ತಿತ್ತು. ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ಹಾಡು ಓದುತ್ತ ಮುಳುಗುವುದರಲ್ಲಿದ್ದೆ ಎಂದು ಹೇಗೆ ಹೇಳುವುದು? ತಿಂಗಳ ಮೇಲೆ, ನೋಟ್‌ಬುಕ್ ಹೊಳೆಪಾಲಾಯಿತೆಂದು ಒಪ್ಪಿಕೊಳ್ಳಲು ಭಂಕೂರಿಗೆ ಹೋದೆ.

ಅದನ್ನು ಕೇಳಿ ಮುದುಕರು ನನ್ನ ಮುಖ ನೋಡಿದರು. "ನಿದ್ದಿ ಇಲ್ಲೇನಪ? ಯಾರಿಗರ ಹೇಳಿದೇನು?"

"ಇಲ್ರಿ."

"ಹಂಗಾದ್ರ ಕುಂದ್ರು. ಹೊಳಿಗಿ ಇಳಿದಲ್ಲಿಂದ ಹೇಳು."

ಹೇಳಿದೆ. ತಡ ಮಾಡಿದ್ದನ್ನು ಮಾತ್ರ ಬಿಟ್ಟೆ. ಅವರು ಅಲ್ಲೇ ಹಿಡಿದರು. "ಹಗ್ಗ ಒಂದೇ ಕೈಲೆ ಹಿಡ್ದಿ ಅಂದಿ. ಇನ್ನೊಂದ್ ಕೈ ಏನ್ ಮಾಡ್ಲಿಕತ್ತಿತ್ತು?"

ಅದನ್ನೂ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. "ನಮ್ಮಪ್ಪನ ಅಕ್ಷರ ನಮಗೇ ಓದ್ಲಿಕ್ಕಿ ಬರ್ತಿದ್ದಿಲ್ಲ. ಅದಕ್ಕ ಸಾಯ್ಲಿಕ್ಕಿ ಹೊಂಟಿದ್ದೇನು? ಏಳು, ಉಣ್ಣು ನಡಿ." ಊಟವಾದ ಮೇಲೆ ಮೊದಲಿಂದ ಇನ್ನೊಮ್ಮೆ ಹೇಳಿಸಿದರು.

ಅದು ಬುಧವಾರ. ಸಂಜೆ ವಾಡಿಗೆ ಬಂದು ಮಲಗಿದವನು ಗುರುವಾರ ಎದ್ದಾಗ ಎಂಟೂವರೆ. ಓಣಿಯ ನಳದಲ್ಲಿ ನಸುಕಿನ ನೀರು ಬಂದು ನಿಂತುಹೋಗಿತ್ತು. ಅವತ್ತು ನಾನು ಒಂದು ಕೊಡವೂ ಹಿಡಿಯಲಿಲ್ಲ.