ಅವಳು ನೀರು ಕೇಳಿರಲಿಲ್ಲ

ಮೊನ್ನೆ ದೋಣಿಗಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಏಲಕ್ಕಿ ಮೂಟೆ ಹೇರಿದ ಜೀಪೊಂದು ಪಕ್ಕದಲ್ಲೇ ಬಂದು ನಿಂತಿತು. ಡೀಸೆಲ್ಲಿಗೆ ಏಲಕ್ಕಿಯ ಘಮ ಬೆರೆತ ಆ ವಾಸನೆ... ವನಗೂರು ಕಡೆಯ ನಮ್ಮ ಜೀಪಣ್ಣ ಬಂದರೆ ಹೀಗೇ ವಾಸನೆ ಬರುತ್ತಿತ್ತು.

ತೊಂಬತ್ತರ ದಶಕದಲ್ಲಿ ನಾನು ಸಕಲೇಶಪುರದಿಂದ ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಸುದ್ದಿಯೆಂದರೆ ಏನು ಮಹಾ, ಆನೆ ಬಂತು, ಮೋರಿ ಕುಸಿಯಿತು, ಅಷ್ಟೇ. ಬೆಟ್ಟದ ಮೇಲಿನ ಸಮಾಚಾರವನ್ನೆಲ್ಲ ತರುತ್ತಿದ್ದವನು ಜೀಪಣ್ಣ. ಎಸ್ಟೇಟ್ ಜನರನ್ನು ಪೇಟೆಯಲ್ಲಿ ಇಳಿಸಿ ನನ್ನ ಕೋಣೆಗೆ ಬಂದು, ಕಣ್ಣಾರೆ ಕಂಡದ್ದಿಷ್ಟು, ಬೇರೆಯವರು ಅಂದದ್ದಿಷ್ಟು ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಅಂಥ ನಿಯತ್ತು ನನಗಿರಲಿಲ್ಲ.

ಒಂದು ಬೆಳಿಗ್ಗೆ ಅವನ ಜೀಪೇ ತಿರುವಿನಲ್ಲಿ ಜಾರಿ ಮಗುಚಿತು. ಜೊತೆಗಿದ್ದವಳು ಅವನ ಹೆಂಡತಿ ಒಬ್ಬಳೇ. ಅವಳ ಮೂಗಿನ ಹತ್ತಿರ ಬಲಗೈಯಿಟ್ಟು ನೋಡಿದನಂತೆ, ಉಸಿರಿರಲಿಲ್ಲ. ಆದರೂ ಮನಸ್ಸು ಕೇಳದೆ ಜನ ಕರೆಯಲು ಎಸ್ಟೇಟಿಗೆ ಓಡಿದ್ದ. ಬಿದ್ದ ಕ್ಷಣವೇ ಪ್ರಾಣ ಹೋಗಿದೆ ಎಂದು ಡಾಕ್ಟರೂ ಅಂದರು. ಇಷ್ಟನ್ನೂ ಅವನೇ ನನಗೆ ಹೇಳಿದ.

ನಾನು ಬರೆದದ್ದೇ ಬೇರೆ. ಆಗ ನನಗೆ ಕತೆ ಬರೆಯುವ ತೆವಲು. ಜೀಪು ಮಗುಚಿ ಹೆಂಗಸೊಬ್ಬಳು ಸತ್ತಳು ಎಂದಷ್ಟೇ ಬರೆದರೆ ಯಾರು ಓದುತ್ತಾರೆ ಎನ್ನಿಸಿ, ಅರ್ಧ ಗಂಟೆ ನೀರು ನೀರು ಎಂದು ನರಳಿದಳು, ಕೊಡಲು ಹತ್ತಿರ ಯಾರೂ ಇರಲಿಲ್ಲ ಎಂದು ಸೇರಿಸಿದೆ. ಮುಖಪುಟದಲ್ಲಿ ಬಂತು. ಓದಿದವರು ಕಣ್ಣೊರೆಸಿಕೊಂಡರು. ನಾನು ಒಳಗೊಳಗೇ ಬೀಗಿದೆ, ಥೂ.

ತಿಥಿ ಕಳೆದ ಮೇಲೆ ಅವನು ಪೇಪರ್ ಹಿಡಿದು ಬಂದ.

“ನೀರು ಕೇಳಿದ್ಲು ಅಂತ ಯಾರ್ ಹೇಳಿದ್ರೋ?”

ಸುಳ್ಳು ಬರೆದೆ ಎನ್ನಲು ನಾಲಿಗೆ ಹೊರಳಲಿಲ್ಲ. ಕೆಳಗಿನ ತೋಟದಲ್ಲಿ ಯಾರಿಗೋ ಕೇಳಿಸಿತಂತೆ ಎಂದುಬಿಟ್ಟೆ. ಅವನು ಅವಳ ಉಸಿರು ನೋಡಿದ್ದ ಆ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು ಎದ್ದು ಹೋದ.

ಆಮೇಲೆ ಜೀಪು ಮುಟ್ಟಲಿಲ್ಲ. ಅದೇ ತಿರುವಿನಲ್ಲಿ ಕೊಡ ಇಟ್ಟುಕೊಂಡು ಕೂರುತ್ತಿದ್ದ. ನಡೆದು ಹೋಗುವವರಿಗೆಲ್ಲ, ಬೇಡವೆಂದರೂ, ನೀರು ಕೊಡುತ್ತಿದ್ದ. ತಲೆ ಕೆಟ್ಟಿದೆ ಎಂದರು ಜನ. ನಾನು ಆ ದಾರಿಯನ್ನೇ ತಪ್ಪಿಸಿದೆ... ಎಷ್ಟೋ ವರ್ಷ.

ಅಷ್ಟರಲ್ಲಿ ಪತ್ರಿಕೆ ಬಿಟ್ಟು ಕತೆಗಾರ ಎನ್ನಿಸಿಕೊಂಡಿದ್ದೆ. ಎರಡು ಪುಸ್ತಕವೂ ಬಂದಿದ್ದವು. ಕೊನೆಗೊಮ್ಮೆ ಧೈರ್ಯ ಮಾಡಿ ಹೋಗಿ ಅವನೆದುರು ಕೂತು, ಅವಳು ಏನನ್ನೂ ಕೇಳಲಿಲ್ಲ, ಎಲ್ಲ ನಾನೇ ಕಟ್ಟಿದ್ದು, ತಪ್ಪಾಯಿತಣ್ಣ ಎಂದೆ. ಬೈಯಲಿ, ಹೊಡೆಯಲಿ ಎಂದೇ ಕಾದೆ. ಅವನು ನೀರಿನ ಲೋಟ ನನ್ನ ಕಡೆ ಸರಿಸಿದ.

“ಆಗ ಪೇಪರ್‌ನೋನಾಗಿದ್ದೆ, ಇದ್ದಿದ್ದ ಬರ್ದೆ. ಈಗ ಕತೆ ಬರೆಯೋನಾಗ್ಬುಟ್ಟೆ. ನನ್ನ ಸಮಾಧಾನಕ್ಕೆ ಇದ್ನೂ ಕಟ್ತಾ ಇದೀಯ. ಬುಡು ಮಾರಾಯ.”

ಆಣೆ ಮಾಡಿದೆ. ನಕ್ಕ, ಅಷ್ಟೇ.

ಅವನು ಹೋಗಿ ಈಗ ವರ್ಷಗಳಾದವು. ಬಾಯಾರಿದ ಹೆಂಡತಿಯನ್ನು ಬಿಟ್ಟು ಓಡಿದವನು ತಾನು ಎಂದೇ ನಂಬಿಕೊಂಡು ಹೋದ. ಇದನ್ನು ಓದಿದವರೂ ಕತೆ ಚೆನ್ನಾಗಿದೆ ಎನ್ನುತ್ತಾರೆ, ನನಗೆ ಗೊತ್ತು.