ಬೆಳಕು ಕುಡಿದ ರೀಲು

ಸುಂಕದಕಟ್ಟೆಯ ಮರಿಯಪ್ಪನವರ ಮಗಳು ವೆಂಕಟಲಕ್ಷ್ಮಿ ಪಿಯುಸಿಯಲ್ಲಿ ಫೋಟೋಗ್ರಫಿ ತೆಗೆದುಕೊಂಡಳು ಎಂದು ಕೇಳಿದಾಗ ಬಂಧುಗಳು ಮೊದಲು ನಕ್ಕರು. ಆಮೇಲೆ, "ಅದನ್ನೂ ಓದ್ತಾರಾ?" ಎಂದು ಬೆರಗಾದರು. ರಾಜಾಜಿನಗರದ ಕಡೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಅದನ್ನೂ ಕಲಿಸುತ್ತಿದ್ದರು. ಎರಡು ವರ್ಷದ ವೃತ್ತಿಶಿಕ್ಷಣ. ಎಂಟು ವಿದ್ಯಾರ್ಥಿಗಳಿಗೆ ಎರಡು ಕ್ಯಾಮೆರಾ. ಎಂಟರಲ್ಲಿ ಹುಡುಗಿ ಇವಳೊಬ್ಬಳೇ.

ಸೋದರಮಾವ ಮುನಿಯಣ್ಣನಿಗೆ ಇದು ಸುತರಾಂ ಹಿಡಿಸಲಿಲ್ಲ.

"ಟೈಪಿಂಗ್ ಕಲಿಸಿ ಭಾವ. ಮದುವೆ ಮನೇಲಿ ಕ್ಯಾಮೆರಾ ಹಿಡ್ಕೊಂಡು ಗಂಡಸರ ಮಧ್ಯೆ ನುಗ್ತಾಳಾ ಇವ್ಳು?"

"ಇಪ್ಪತ್ತು ವರ್ಷದಿಂದ ಲೇತ್ ಮುಂದೆ ನಿಂತಿದೀನಿ ಕಣೋ," ಎಂದರು ಮರಿಯಪ್ಪ. "ಕ್ಯಾಮೆರಾನೂ ಒಂದು ಮಿಶಿನ್ನೇ. ಕಲೀಲಿ ಬಿಡು."

ಕೊನೆಗೆ ಒಂದು ಮಾತಾಯಿತು. ಒಂದೇ ಒಂದು ಸಲ ಫೇಲಾದರೂ ಓದು ಅಲ್ಲಿಗೆ ಮುಗಿಯಬೇಕು. ಮುನಿಯಣ್ಣ ನೋಡಿಟ್ಟ ಗಂಡಿಗೆ ಅವಳನ್ನು ಕೊಡಬೇಕು.

ಮೊದಲ ಸಲ ಡಾರ್ಕ್ ರೂಮಿನ ಕೆಂಪು ಬೆಳಕಿನಲ್ಲಿ, ದ್ರಾವಣದ ತಟ್ಟೆಯೊಳಗಿನ ಬಿಳಿ ಕಾಗದದಿಂದ ಒಂದು ಮುಖ ಎದ್ದು ಬಂದಾಗ ವೆಂಕಟಲಕ್ಷ್ಮಿ "ಅಯ್ಯಮ್ಮಾ" ಎಂದು ಹಿಂದಕ್ಕೆ ಸರಿದಿದ್ದಳು. ಹುಡುಗರು ವಾರವಿಡೀ ಅವಳನ್ನು ಹಾಗೇ ಕರೆದರು. ಆದರೆ ಆ ದಿನದಿಂದ ಅವಳಿಗೆ ಬೇರೆ ಯಾವ ಓದೂ ಬೇಡವಾಯಿತು.

ಎರಡನೆಯ ವರ್ಷ, ಎಂಬತ್ತೈದರ ದಸರಾ ಹೊತ್ತಿಗೆ, ಮೇಷ್ಟ್ರು ಶಂಭುಲಿಂಗಪ್ಪನವರು ಪ್ರಾಜೆಕ್ಟ್ ಕೊಟ್ಟರು. ವಿಷಯ, ದುಡಿಯುವ ಜನ. ಒಬ್ಬೊಬ್ಬರಿಗೆ ಮೂರು ದಿನ ಕ್ಯಾಮೆರಾ, ಒಂದೇ ರೀಲು. ರೀಲು ಮುಗಿದ ಮೇಲೆ ಕ್ಯಾಮೆರಾ ತೆರೆಯದೆ ತರಬೇಕು. ಸುತ್ತಿ ಹೊರತೆಗೆಯುವವರು ಮೇಷ್ಟ್ರೇ. ಅದರಿಂದ ಹನ್ನೆರಡು ಪ್ರಿಂಟ್ ಮಾಡಿ ಆಲ್ಬಮ್ ಒಪ್ಪಿಸಬೇಕು. ಒಂದು ಕಡಿಮೆಯಾದರೂ ಪರೀಕ್ಷೆಗೆ ಕೂರಿಸುವುದಿಲ್ಲ.

ಮೊದಲ ದಿನ ಅವಳು ತನ್ನ ಬೀದಿ ದಾಟಲಿಲ್ಲ. ಅಗರಬತ್ತಿ ಹೊಸೆಯುವ ಹೆಂಗಸರು, ಹೂ ಕಟ್ಟುವ ಪಾಪಮ್ಮ. ಫೋಕಸ್ ಹೊಂದಿಸುವುದಕ್ಕೇ ಹೊತ್ತು ಹಿಡಿಯುತ್ತಿತ್ತು. ಮೂರನೆಯ ದಿನದ ಹೊತ್ತಿಗೆ ಕೈಯೂ ಕಣ್ಣೂ ಒಂದಾಗಿದ್ದವು. ಉಲ್ಲಾಳದ ಇಟ್ಟಿಗೆ ಗೂಡಿನಲ್ಲಿ ಕೊನೆಯ ಚಿತ್ರಗಳನ್ನು ತೆಗೆದಾಗ, ಇಷ್ಟು ಒಳ್ಳೆಯದು ತಾನು ಮತ್ತೆ ತೆಗೆಯಲಾರೆ ಎಂದು ಅವಳಿಗೆ ಅನಿಸಿತ್ತು. ಮೂವತ್ತಾರೂ ಮುಗಿದಿದ್ದವು.

ಮರುದಿನ ಆಯುಧಪೂಜೆ. ವೆಂಕಟಲಕ್ಷ್ಮಿ ಬಾಳೆಕಂದು ತರಲು ಹೋಗಿ ಬರುವಷ್ಟರಲ್ಲಿ ಅಪ್ಪ ನಡುಮನೆಯ ಮಣೆಯ ಮೇಲೆ ಎಲ್ಲವನ್ನೂ ಜೋಡಿಸಿಟ್ಟಿದ್ದರು. ಈಳಿಗೆಮಣೆ, ಸೈಕಲ್ ಪಂಪು, ಸುತ್ತಿಗೆ. ನಡುವೆ ಕಾಲೇಜಿನ ಕ್ಯಾಮೆರಾ, ಕೊರಳಿಗೆ ಸೇವಂತಿಗೆ ಹಾರ. ಅದರ ಬೆನ್ನಿನ ಬಾಗಿಲು ಅಗಲವಾಗಿ ತೆರೆದಿತ್ತು. ಕಿಟಕಿಯ ಬಿಸಿಲು ನೇರವಾಗಿ ಒಳಗೆ ಬಿದ್ದಿತ್ತು. ಸುತ್ತಿದ ಫಿಲ್ಮಿನ ಮೇಲೆ ಒಂದು ಕುಂಕುಮದ ಬೊಟ್ಟು.

ಬಾಳೆಕಂದು ಅವಳ ಕೈಯಿಂದ ಜಾರಿತು.

"ಹೊರಗೆ ಒರೆಸಿದ್ರೆ ಸಾಲ್ದು ಕಣಮ್ಮಾ," ಅಪ್ಪ ಬಟ್ಟೆ ಮಡಚುತ್ತ ಹೆಮ್ಮೆಯಿಂದ ಹೇಳಿದರು. "ಯಾವ ಮಿಶಿನ್ನೇ ಆಗ್ಲಿ, ಬಿಚ್ಚಿ ಒಳಗಡೆ ಧೂಳು ತೆಗೀಬೇಕು. ಫ್ಯಾಕ್ಟ್ರೀಲಿ ನಾವು ಹಂಗೇ ಮಾಡೋದು."

ಅವಳು ಓಡಿಹೋಗಿ ಕ್ಯಾಮೆರಾದ ಬಾಗಿಲು ಮುಚ್ಚಿದಳು.

"ಬೆಳಕು ಬಿದ್ರೆ ಎಲ್ಲಾ ಹೋಯ್ತಪ್ಪ! ಮೂರು ದಿನದ್ದು! ಪರೀಕ್ಷೇನೇ ಹೋಯ್ತು! ಪೂಜೆ ಮಾಡೋಕೆ ನಿನ್ನ ಲೇತ್ ಇರ್ಲಿಲ್ವಾ?"

ಮರಿಯಪ್ಪ ಕೈಯಲ್ಲಿದ್ದ ಬಟ್ಟೆಯನ್ನೇ ನೋಡಿದರು. ಆಮೇಲೆ, ಯಾರೋ ಕೇಳಿದ ದಾರಿ ಹೇಳುವಂತೆ ಹೇಳಿದರು:

"ಇಲ್ಲಮ್ಮ. ಫ್ಯಾಕ್ಟ್ರಿ ಮುಚ್ಚಿ ನಾಕು ತಿಂಗಳಾಯ್ತು. ಮಾರ್ಕೆಟ್ಟಲ್ಲಿ ಮೂಟೆ ಹೊರ್ತಿದೀನಿ. ಈ ವರ್ಷ ಪೂಜೆ ಮಾಡೋಕೆ ನನಗೆ ಇದೊಂದೇ ಮಿಶಿನ್ ಸಿಕ್ಕಿದ್ದು."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಅಂಜಮ್ಮ ಹೂರಣದ ಕೈಯಲ್ಲೇ ನಿಂತಿದ್ದಳು. ಅವಳಿಗೂ ಗೊತ್ತಿರಲಿಲ್ಲ. ಒಲೆಯ ಮೇಲಿನ ಒಬ್ಬಟ್ಟು ಸೀದ ವಾಸನೆ ಮನೆಯನ್ನೆಲ್ಲ ತುಂಬಿತು. ಯಾರೂ ಅತ್ತ ಹೋಗಲಿಲ್ಲ.

ರಜೆ ಮುಗಿದ ಮೇಲೆ ಶಂಭುಲಿಂಗಪ್ಪನವರು ರೀಲು ತೊಳೆದರು. ಮೊದಲು ತೆಗೆದವು ಸುರುಳಿಯ ಒಳಪದರದಲ್ಲಿ ಇರುತ್ತವೆ. ಬೆಳಕು ಅಲ್ಲಿಯವರೆಗೆ ಹೋಗಿರಲಿಲ್ಲ. ಏಳು ಚಿತ್ರ ಉಳಿದಿದ್ದವು. ಅವಳ ಬೀದಿಯ ಏಳು, ಅಂಚು ಸುಟ್ಟಂತಾದವು. ಮಿಕ್ಕ ನೆಗೆಟಿವ್ ಎಲ್ಲ ಕಪ್ಪು.

"ಕ್ಯಾಮೆರಾ ಮುಂದಿನ ಹುಡುಗ ಉಗ್ರಪ್ಪನಿಗೆ ಕೊಟ್ಟಾಯ್ತಮ್ಮ," ಎಂದರು ಮೇಷ್ಟ್ರು. "ನಿಂಗೆ ಇನ್ನೊಂದು ರೀಲು ಕೊಟ್ರೆ ಉಳಿದ ಏಳು ಜನಕ್ಕೂ ಕೊಡ್ಬೇಕಾಗುತ್ತೆ. ಎಲ್ಲಿಂದ ತರ್ಲಿ?"

ಸೋಮವಾರ ಅವಳು ಆಲ್ಬಮ್ ತಂದಿಟ್ಟಳು. ಏಳು ಪುಟ ದಾಟಿದ ಮೇಲೆ ಮೇಷ್ಟ್ರ ಕೈ ನಿಂತಿತು. ಎಂಟನೆಯದು ಬರೀ ಬಿಳಿ. ಒಂಬತ್ತು, ಹತ್ತು, ಹನ್ನೊಂದೂ ಬಿಳಿ. ಮೊದಲ ಬಿಳಿಯ ಅಡಿಯಲ್ಲಿ ದುಂಡಗಿನ ಅಕ್ಷರ: 'ಉಲ್ಲಾಳದ ಇಟ್ಟಿಗೆ ಗೂಡು. ತಲೆಯ ಮೇಲೆ ಹತ್ತು ಇಟ್ಟಿಗೆ ಹೊತ್ತ ಗರ್ಭಿಣಿ.' ಹನ್ನೆರಡನೆಯ ಬಿಳಿಯ ಕೆಳಗೆ: 'ಮರಿಯಪ್ಪ, ಲೇತ್ ಕೆಲಸಗಾರ.'

"ತಮಾಷೆನಾ ಇದು?"

"ಇಲ್ಲ ಸಾರ್. ಕಪ್ಪಾದ ನೆಗೆಟಿವ್ ಇಟ್ಟೇ ಪ್ರಿಂಟ್ ಹಾಕಿದೀನಿ, ಅದಕ್ಕೇ ಬಿಳಿ. ಹಿಂದೆ ಫ್ರೇಮಿನ ನಂಬರ್ ಬರೆದಿದೀನಿ, ನೋಡಿ."

ಅವರು ರೀಲನ್ನು ಕಿಟಕಿಗೆ ಹಿಡಿದು ಒಂದೊಂದೇ ಎಣಿಸಿ ಹೊಂದಿಸಿದರು. ಐದೂ ಸರಿಯಿದ್ದವು.

"ಈ ಕೊನೇದರಲ್ಲಿ ನಿಮ್ಮಪ್ಪ ಇದ್ರಾ?"

ಸುಳ್ಳು ಹೇಳಬಹುದಿತ್ತು. ಕಪ್ಪು ನೆಗೆಟಿವ್ ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ.

"ಇರ್ಲಿಲ್ಲ ಸಾರ್. ಫ್ಯಾಕ್ಟ್ರಿ ಒಳಗೆ ನನ್ನ ಬಿಡ್ತಿರ್ಲಿಲ್ಲ. ಈಗ ಅವರನ್ನೂ ಬಿಡಲ್ಲ. ಈ ಬೆಳಕು ಬಿಟ್ಟೋರು ಅವರೇ, ಅದಕ್ಕೆ ಹೆಸರು ಬರೆದೆ."

ಶಂಭುಲಿಂಗಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಂಡರು. "ಮಾರ್ಕ್ಸು ಏಳಕ್ಕೇ," ಎಂದು ಗದರಿದರು. ಆಮೇಲೆ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ಬರೆದರು: 'ಪ್ರಿಂಟ್ ಹನ್ನೆರಡು. ಪರೀಕ್ಷೆಗೆ ಕೂರಬಹುದು.'

ಮರಿಯಪ್ಪ ಆ ದಿನ ಮಾರ್ಕೆಟ್ಟಿಗೆ ಹೋಗಿರಲಿಲ್ಲ. ಕಾಲೇಜಿನ ಗೇಟಿನಲ್ಲಿ ನಿಂತಿದ್ದರು.

"ಆಲ್ಬಮ್ ತಗೊಂಡ್ರಾ?"

"ತಗೊಂಡ್ರಪ್ಪ."

ಮರಿಯಪ್ಪ ಗೋಡೆಗೆ ಕೈಯೂರಿ, ಬಸ್ಸು ಜನ ಎಲ್ಲ ಓಡಾಡುವ ಆ ರಸ್ತೆಯ ಅಂಚಿನ ಮಣ್ಣಿನಲ್ಲೇ ಕುಸಿದು ಕುಳಿತರು. ಅಪ್ಪ ಬೀದಿಯಲ್ಲಿ ಕುಳಿತದ್ದನ್ನು ವೆಂಕಟಲಕ್ಷ್ಮಿ ಹಿಂದೆಂದೂ ನೋಡಿರಲಿಲ್ಲ.